ಐದು ದೇಶಕ್ಕೆ ಮಾತ್ರ ವೀಟೋ ಯಾಕೆ?

ದಾವಣಗೆರೆಯಿಂದ ಪ್ರಶ್ನೆ:
ನಮ್ಮ ಗ್ರಾಮ ಪಂಚಾಯ್ತಿಯಲ್ಲಿ ಹತ್ತು ಎಕರೆ ಅಡಿಕೆ ತೋಟ ಇದ್ದವರಿಗೂ ಒಂದೇ ವೋಟು, ಕೂಲಿಗೆ ಹೋಗುವವರಿಗೂ ಒಂದೇ ವೋಟು. ವಿಶ್ವಸಂಸ್ಥೆಯಲ್ಲಿ 193 ದೇಶಗಳಿವೆ. ಆದರೆ ಭದ್ರತಾ ಮಂಡಳಿಯಲ್ಲಿ ಕಾಯಂ ಸೀಟು ಇರುವ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಇವುಗಳಲ್ಲಿ ಒಂದು ಬೇಡ ಅಂದರೆ ಸಾಕು, ಉಳಿದ 14 ದೇಶ ಹೂಂ ಅಂದರೂ ನಿರ್ಣಯ ಬಿದ್ದುಹೋಗುತ್ತದೆ. ಇದೇ ವೀಟೋ. ಇದನ್ನು ಬದಲಾಯಿಸಲು ದಾರಿಯೇ ಇಲ್ವಾ?

ಹರಿಹರದಿಂದ:
ದಾರಿ ಇದೆ, ಆದರೆ ಬೀಗದ ಕೈ ಅವರ ಹತ್ತಿರವೇ ಇದೆ. ವಿಶ್ವಸಂಸ್ಥೆಯ ಸನ್ನದು, ಅಂದರೆ ಅದರ ಮೂಲ ನಿಯಮಗಳನ್ನು ತಿದ್ದಲು ಮೂರರಲ್ಲಿ ಎರಡು ಭಾಗ ದೇಶಗಳು ಒಪ್ಪಬೇಕು, ಅದರಲ್ಲಿ ಆ ಐದೂ ಇರಬೇಕು. ಹಾಗಂತ ಏನೂ ಆಗಿಲ್ಲ ಅಂತಲ್ಲ. 1965ರಲ್ಲಿ ಮಂಡಳಿಯ ಸದಸ್ಯರು 11ರಿಂದ 15ಕ್ಕೆ ಏರಿದರು. 2022ರಿಂದ ಯಾರಾದರೂ ವೀಟೋ ಹಾಕಿದರೆ ಹತ್ತು ಕೆಲಸದ ದಿನಗಳೊಳಗೆ ಎಲ್ಲ ದೇಶಗಳೂ ಇರುವ ಮಹಾಸಭೆ ಸೇರಿ ಚರ್ಚಿಸುತ್ತದೆ. ಸಣ್ಣದು ಅನ್ನಬೇಡಿ, ಅದು ಕಾರಣ ಕೇಳುವ ಹಕ್ಕು.

ಚಳ್ಳಕೆರೆಯಿಂದ:
ವೀಟೋ ಕಣ್ಣಿಗೆ ಕಾಣುತ್ತದೆ. ನನಗೆ ಜಾಸ್ತಿ ಸಂಕಟ ದೇಶಗಳಿಗೆ ಸಾಲ ಕೊಡುವ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ನೋಡಿದಾಗ. ಅಲ್ಲಿ ವೋಟು ಹಣದ ಲೆಕ್ಕದಲ್ಲಿ. ಅಮೆರಿಕದ ಪಾಲು ಸುಮಾರು 16.5%, ನಮ್ಮದು 2.6% ಆಸುಪಾಸು. ದೊಡ್ಡ ತೀರ್ಮಾನಗಳಿಗೆ 85% ಬೇಕು, ಅಂದರೆ ಅಮೆರಿಕ ಒಂದೇ ತಡೆಯಬಹುದು. ಸಾಲದ ಷರತ್ತಿಗಾಗಿ ಬಡ ದೇಶ ಸಬ್ಸಿಡಿ ಕಡಿತ ಮಾಡಿದರೆ ಏಟು ಬೀಳುವುದು ನಮ್ಮಂಥ ಶೇಂಗಾ ಬೆಳೆಯುವವರಿಗೆ. ಅವರ ಮಾತಿಗೂ ಅಲ್ಲಿ ತೂಕ ಬೇಕು, ಅಲ್ವಾ?

ಪ್ರಶ್ನೆ ಕೇಳಿದವರು:
ನಿಜ. ನಮ್ಮ ಹೊಲ ಭದ್ರಾ ನಾಲೆಯ ಕೊನೆ ಭಾಗದಲ್ಲಿದೆ. ನೀರು ಹಂಚುವ ಮಾತು ಬಂದಾಗ ಕೊನೆಯವರೂ ಜೊತೆಗೆ ಕೂತಿರಬೇಕು ಅಂತ ಅಪ್ಪ ಯಾವಾಗಲೂ ಹೇಳುತ್ತಾರೆ. ಆಫ್ರಿಕಾದ 54 ದೇಶಗಳಿಗೆ ಸೇರಿ ಮಂಡಳಿಯಲ್ಲಿ ಒಂದೂ ಕಾಯಂ ಸೀಟು ಇಲ್ಲವಲ್ಲ, ಅದರ ಬಗ್ಗೆ ಗೊತ್ತಿದ್ದವರು ಬರೆಯಿರಿ.