ಟ್ರಮಡಾಲ್ ಸೇರಿದ ಮೇಲೆ ಅಮ್ಮನಿಗೆ ಬಂದ ನಡುಕ: ಸೆರೊಟೋನಿನ್ ಸಿಂಡ್ರೋಮ್ ಬಗ್ಗೆ ತಿಳಿದವರು ಹೇಳಿ

ಪ್ರಶ್ನೆ

62 ವರ್ಷದ ನನ್ನ ಅಮ್ಮ ಆತಂಕದ ಕಾಯಿಲೆಗೆ ಮೂರು ವರ್ಷಗಳಿಂದ ಎಸ್ಸಿಟಾಲೋಪ್ರಾಮ್ 10 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದಾರೆ. ಕಳೆದ ವಾರ ಮಂಡಿನೋವಿಗೆಂದು ಬೇರೊಬ್ಬ ವೈದ್ಯರು ಟ್ರಮಡಾಲ್ ಬರೆದುಕೊಟ್ಟರು. ಹಳೆಯ ಚೀಟಿಯನ್ನು ನಾವು ತೋರಿಸಲಿಲ್ಲ, ಅವರೂ ಕೇಳಲಿಲ್ಲ. ಎರಡನೆಯ ಮಾತ್ರೆ ನುಂಗಿದ ನಾಲ್ಕು ಗಂಟೆಯೊಳಗೆ ಮೈಯೆಲ್ಲ ಬೆವರಿ, ಭೇದಿಯಾಗಿ, ಕಾಲು ನಡುಗತೊಡಗಿ, ಕೂತಲ್ಲಿ ಕೂರಲಾರದಷ್ಟು ಚಡಪಡಿಕೆ ಶುರುವಾಯಿತು. ತುರ್ತು ಚಿಕಿತ್ಸಾ ವಿಭಾಗದ ವೈದ್ಯೆ ಪಾದವನ್ನು ಮೇಲಕ್ಕೆ ಒತ್ತಿ ನೋಡಿದವರೇ ‘ಸೆರೊಟೋನಿನ್ ಸಿಂಡ್ರೋಮ್’ ಎಂದರು. ಎರಡೂ ಮಾತ್ರೆಗಳನ್ನು ನಿಲ್ಲಿಸಿ, ಡ್ರಿಪ್ ಹಾಕಿ, ಲೊರಾಜೆಪಾಮ್ ಕೊಟ್ಟರು. ಮರುದಿನ ಸಂಜೆಗೆ ಅಮ್ಮ ಚೇತರಿಸಿಕೊಂಡರು. ರಕ್ತಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಅವರು ಅಷ್ಟು ಖಚಿತವಾಗಿ ಹೇಗೆ ಹೇಳಿದರು? ಮೈ ಬಿಸಿಯಾಗಿದ್ದರೂ ಪ್ಯಾರಾಸಿಟಮಾಲ್ ಕೊಡಲಿಲ್ಲವೇಕೆ?

ಉತ್ತರ 1 (ವೈದ್ಯ)

ಈ ಕಾಯಿಲೆಯನ್ನು ತೋರಿಸಿಕೊಡುವ ರಕ್ತಪರೀಕ್ಷೆಯೇ ಇಲ್ಲ. ಸೇವಿಸಿದ ಔಷಧಿಗಳ ಪಟ್ಟಿ ಮತ್ತು ರೋಗಿಯ ಕಾಲು, ಇವೆರಡೇ ಸಾಕ್ಷಿ. ನರಕೋಶಗಳ ನಡುವೆ ಸಂದೇಶ ಒಯ್ಯಲು ಬಿಡುಗಡೆಯಾದ ಸೆರೊಟೋನಿನ್ ಎಂಬ ರಾಸಾಯನಿಕ ಮರಳಿ ಒಳಸೇರುವುದನ್ನು ಎಸ್ಸಿಟಾಲೋಪ್ರಾಮ್ ತಡೆಯುತ್ತದೆ. ಬರೀ ನೋವಿನ ಮಾತ್ರೆಯೆಂದು ನಾವು ಭಾವಿಸುವ ಟ್ರಮಡಾಲ್ ಕೂಡ ಅದೇ ಕೆಲಸವನ್ನು ಮಾಡುತ್ತದೆ. ಸೆರೊಟೋನಿನ್ ಮಿತಿಮೀರಿದಾಗ ಪಾದವನ್ನು ಥಟ್ಟನೆ ಮೇಲಕ್ಕೆ ಮಡಚಿ ಹಿಡಿದರೆ ಅದು ತಾನಾಗಿಯೇ ಲಯಬದ್ಧವಾಗಿ ಕುಣಿಯುತ್ತದೆ. ಇದನ್ನು ಕ್ಲೋನಸ್ ಎನ್ನುತ್ತಾರೆ. ಆಸ್ಟ್ರೇಲಿಯಾದ ವಿಷವೈದ್ಯರು ಈ ಕಾಯಿಲೆಯನ್ನು ಗುರುತಿಸಲೆಂದು 2003ರಲ್ಲಿ ಪ್ರಕಟಿಸಿದ ಹಂಟರ್ ಮಾನದಂಡದಲ್ಲಿ ಅತಿ ಹೆಚ್ಚು ತೂಕವಿರುವುದು ಈ ಚಿಹ್ನೆಗೇ.

ಮನೋರೋಗದ ಔಷಧಿಗಳಿಂದ ಬರುವ ನ್ಯೂರೋಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್ ಇದರಂತೆಯೇ ಕಾಣಬಹುದು. ಆದರೆ ಅದು ದಿನಗಟ್ಟಲೆ ಏರುತ್ತಾ ಬರುತ್ತದೆ, ಸ್ನಾಯುಗಳು ಸೀಸದ ಕೊಳವೆಯಂತೆ ಬಿಗಿಯುತ್ತವೆ. ಇದಾದರೋ ಬಹುತೇಕ 24 ಗಂಟೆಯೊಳಗೇ ಕಾಣಿಸಿಕೊಳ್ಳುತ್ತದೆ, ಮೊಣಕಾಲನ್ನು ಸುತ್ತಿಗೆಯಿಂದ ಮುಟ್ಟಿದರೆ ಸಾಕು, ಕಾಲು ಹಾರುತ್ತದೆ. ಇನ್ನು ಜ್ವರದ ವಿಚಾರ: ಇಲ್ಲಿ ಬಿಸಿ ಹುಟ್ಟುವುದು ಎಡೆಬಿಡದೆ ದುಡಿಯುವ ಸ್ನಾಯುಗಳಿಂದ, ಸೋಂಕಿನ ಜ್ವರದಂತೆ ಮಿದುಳಿನ ಆಜ್ಞೆಯಿಂದಲ್ಲ. ಆದ್ದರಿಂದ ಪ್ಯಾರಾಸಿಟಮಾಲ್ ಪ್ರಯೋಜನವಿಲ್ಲ. ಸ್ನಾಯುಗಳನ್ನು ಸಡಿಲಿಸುವ ಲೊರಾಜೆಪಾಮ್‌ನಂಥ ಔಷಧಿಯೇ ಬೇಕು. ತಾಪ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ರೋಗಿಯನ್ನು ಪೂರ್ತಿ ನಿಶ್ಚೇಷ್ಟಗೊಳಿಸಿ ವೆಂಟಿಲೇಟರಿಗೆ ಹಾಕಬೇಕಾಗುತ್ತದೆ.

ಉತ್ತರ 2 (ಔಷಧಿ ಅಂಗಡಿ ನಡೆಸುವವನು)

ಲೊರಾಜೆಪಾಮ್‌ಗೆ ಬಗ್ಗದಿದ್ದರೆ ಸೆರೊಟೋನಿನ್‌ನ ಪರಿಣಾಮವನ್ನು ತಡೆಯುವ ಸೈಪ್ರೊಹೆಪ್ಟಡಿನ್ ಕೊಡುತ್ತಾರೆ; ಮೊದಲು 12 ಮಿಲಿಗ್ರಾಂ, ಆಮೇಲೆ ಎರಡು ಗಂಟೆಗೊಮ್ಮೆ 2 ಮಿಲಿಗ್ರಾಂ. ಊಟ ಬಿಟ್ಟ ಮಕ್ಕಳಿಗೆ ಹಸಿವಾಗಲೆಂದು ನಮ್ಮ ಅಂಗಡಿಗಳಿಂದ ಜನ ಒಯ್ಯುವ ಸಿರಪ್ಪಿನಲ್ಲಿರುವುದೂ ಇದೇ ಔಷಧಿ. ಇದಕ್ಕೆ ಇಂಜೆಕ್ಷನ್ ರೂಪವಿಲ್ಲದ ಕಾರಣ ನುಂಗಲಾಗದವರಿಗೆ ಮಾತ್ರೆಯನ್ನು ಪುಡಿಮಾಡಿ ಮೂಗಿನ ಕೊಳವೆಯ ಮೂಲಕ ಇಳಿಸುತ್ತಾರೆ.

ಖಿನ್ನತೆಯ ಮಾತ್ರೆ ನುಂಗುವವರು ಒಣಕೆಮ್ಮಿನ ಡೆಕ್ಸ್‌ಟ್ರೋಮೆಥಾರ್ಫಾನ್ ಸಿರಪ್ ಕೇಳಿದಾಗಲೂ ನಾನು ತಡೆಯುತ್ತೇನೆ. ಲಿನೆಜೋಲಿಡ್ ಎಂಬ ಆಂಟಿಬಯಾಟಿಕ್ ಕೂಡ ಅಪಾಯಕಾರಿ; ಅದು ಸೆರೊಟೋನಿನ್ ಕರಗುವುದನ್ನೇ ತಡೆಯುತ್ತದೆ. 1984ರಲ್ಲಿ ನ್ಯೂಯಾರ್ಕಿನಲ್ಲಿ ಲಿಬ್ಬಿ ಜಯಾನ್ ಎಂಬ 18ರ ಯುವತಿ ಆಸ್ಪತ್ರೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು; ಅವಳು ಸೇವಿಸುತ್ತಿದ್ದ ಫೆನೆಲ್ಜಿನ್ ಎಂಬ ಖಿನ್ನತೆಯ ಮಾತ್ರೆಗೆ ಅಲ್ಲಿ ಕೊಟ್ಟ ಪೆಥಿಡಿನ್ ಎಂಬ ನೋವಿನ ಔಷಧಿ ಸೇರಿದ್ದೇ ಕಾರಣವೆಂದು ಬಹಳ ಮಂದಿ ವೈದ್ಯರು ಎಣಿಸುತ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಎಸ್ಸಿಟಾಲೋಪ್ರಾಮ್ ಇನ್ನು ಬೇಡವೇ ಬೇಡ ಎಂದು ಅಮ್ಮ ಹಟ ಹಿಡಿದಿದ್ದಾರೆ. ಮಂಡಿನೋವು ಹಾಗೆಯೇ ಇದೆ.

ಉತ್ತರ 1

ಮೂರು ವರ್ಷ ತೊಂದರೆ ಕೊಡದ ಮಾತ್ರೆಯನ್ನು ದೂರುವುದು ಸರಿಯಲ್ಲ; ತೊಂದರೆ ಬಂದದ್ದು ಜೋಡಿಯಿಂದ. ಅದನ್ನು ಯಾವಾಗ ಮತ್ತೆ ಆರಂಭಿಸಬೇಕೆಂದು ಅವರ ಮನೋವೈದ್ಯರನ್ನು ಈ ವಾರವೇ ಕೇಳಿ, ಏಕೆಂದರೆ ಹೆಚ್ಚು ದಿನ ಬಿಟ್ಟರೆ ತಲೆಸುತ್ತು, ಆತಂಕ ಮರುಕಳಿಸಬಹುದು. ಮಂಡಿಗೆ ಸದ್ಯ ಪ್ಯಾರಾಸಿಟಮಾಲ್ ಅಥವಾ ಮೇಲೆ ಹಚ್ಚುವ ಜೆಲ್ ಸಾಕಾಗುವುದೇ ಎಂದು ವಿಚಾರಿಸಿ. ಐಬುಪ್ರೊಫೆನ್ ಮಾತ್ರೆಯನ್ನು ನೀವಾಗಿಯೇ ತಂದುಕೊಡಬೇಡಿ. ಎಸ್ಸಿಟಾಲೋಪ್ರಾಮ್ ಜೊತೆ ಅದು ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆಯನ್ನು ಹೆಚ್ಚಿಸುತ್ತದೆ.