ಬಂಗಾರಕ್ಕೆ ‘ಕಲಾಯಿ’ ಅನ್ನಬಹುದೇ?

ಬಂಗಾರದ ಒಡವೆಗೆ ಮೇಲಿಂದ ಬಿಳಿ ಲೋಹದ ಪದರ ಕೂರಿಸುವ ಕೆಲಸಕ್ಕೆ ಕನ್ನಡದಲ್ಲಿ ಏನನ್ನಬೇಕು? ಬಲ್ಲವರಲ್ಲಿ ಈ ಒಂದು ಶಬ್ದದ ಬಗ್ಗೆ ಕೇಳುವುದಿದೆ.

ಅಣ್ಣನ ಮಗಳು ಅಜ್ಜಿಯ ಕಾಲದ ಬಂಗಾರದ ಬಳೆ ಜೋಡಿಯನ್ನು ಶಿರಸಿಯ ಸಿ.ಪಿ. ಬಜಾರಿನ ಅಂಗಡಿಯೊಂದರಲ್ಲಿ ಕೊಟ್ಟು ಬೆಳ್ಳಗೆ ಮಾಡಿಸಿಕೊಂಡು ಬಂದಳು. ಅವಳ ವಜ್ರದ ಉಂಗುರದ ಜೊತೆ ಹಳದಿ ಬಳೆ ಹೊಂದುವುದಿಲ್ಲವಂತೆ. ನಮ್ಮ ಆಯಿ ಬಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಎಂತದೇ ಕೂಸೆ, ಬಂಗಾರಕ್ಕೆ ಸುಣ್ಣ ಬಳ್ದಾಂಗೆ ಮಾಡ್ಸಿದ್ಯಲೇ!” ಅಂದಳು. ಅಂಗಡಿಯ ಚೀಟಿಯಲ್ಲಿ ಇದ್ದದ್ದು ‘ರೇಡಿಯಂ ಪಾಲಿಶ್’. ಬಾಕಿ ಕೊಡಲು ಹೋದಾಗ ಅಂಗಡಿಯವರಿಗೆ ಆ ಮಾತು ತಪ್ಪು ಎಂದೆ. “ಹಾಂಗಾದ್ರೆ ಮಾಸ್ತರ್ರೇ, ಸರಿ ಶಬ್ದ ನೀವೇ ಬರ್ಕೊಡಿ, ಬೋರ್ಡಿಗೆ ಹಾಕ್ತೆ” ಅಂದರು. ಸಿಕ್ಕಿಬಿದ್ದೆ.

ತಪ್ಪು ಎರಡೂ ಶಬ್ದಗಳಲ್ಲಿದೆ. ರೇಡಿಯಂ ಅಂದರೆ ಕ್ಯೂರಿ ದಂಪತಿ 1898ರಲ್ಲಿ ಕಂಡುಹಿಡಿದ, ವಿಕಿರಣ ಸೂಸುವ ಧಾತು. ಅದನ್ನು ಒಡವೆಗೆ ಬಳಿಯುವವರಿಲ್ಲ. (ಗಾಡಿಗೆ ಅಂಟಿಸುವ ಮಿಂಚುವ ಸ್ಟಿಕರನ್ನೂ ನಾವು ರೇಡಿಯಂ ಅನ್ನುತ್ತೇವೆ, ಹೊಳೆಯುವುದಕ್ಕೆಲ್ಲ ಅದೊಂದೇ ಹೆಸರು.) ಇಲ್ಲಿರುವುದು ರೋಡಿಯಂ, ಪ್ಲಾಟಿನಂ ಬಳಗದ ಬಿಳಿ ಲೋಹ. ಅದರ ಲವಣ ಗುಲಾಬಿ ಬಣ್ಣದ್ದೆಂದು 1804ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ವೊಲಾಸ್ಟನ್ ಗ್ರೀಕರ ಗುಲಾಬಿಯ ಹೆಸರನ್ನೇ ಅದಕ್ಕೆ ಇಟ್ಟ. ಇನ್ನು ಪಾಲಿಶ್ ಅಂದರೆ ಉಜ್ಜಿ ಒಪ್ಪ ಹಾಕುವುದು. ಅದೂ ನಡೆಯುತ್ತದೆ, ಆದರೆ ಅದು ಮೊದಲ ಕೆಲಸ. ಆಮೇಲೆ ಒಡವೆಯನ್ನು ರೋಡಿಯಂ ಲವಣದ ದ್ರಾವಣದಲ್ಲಿ ಇಳಿಬಿಟ್ಟು ಕರೆಂಟು ಹಾಯಿಸಿದರೆ ಮೈಮೇಲೆ ಬಿಳಿ ಪದರ ಕೂರುತ್ತದೆ. ಅದು ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ, ದಪ್ಪವಾಗುವುದು ಅಪರೂಪ. ಒಳಗಿನ 22 ಕ್ಯಾರೆಟ್ಟು 22 ಕ್ಯಾರೆಟ್ಟಾಗಿಯೇ ಇರುತ್ತದೆ.

‘ಬಿಳಿ ಬಂಗಾರ’ ಅನ್ನೋಣವೆಂದರೆ ಆ ಹೆಸರು ಆಗಲೇ ಇಬ್ಬರ ಪಾಲಾಗಿದೆ. ಪಲೇಡಿಯಂ ಅಥವಾ ನಿಕ್ಕಲ್ ಬೆರೆಸಿ ಒಳಹೊರಗೆಲ್ಲ ಬೆಳ್ಳಗಾಗಿಸಿದ ಬಂಗಾರ ಬೇರೆಯೇ ಉಂಟು. ಇನ್ನು ಪತ್ರಿಕೆಯವರ ಬಿಳಿ ಬಂಗಾರ ಅಂದರೆ ಹತ್ತಿ. ನಮ್ಮ ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದ ಧಾರವಾಡ ಸೀಮೆಯ ಹತ್ತಿಗೆ ಪರದೇಶದ ಪೇಟೆಯಲ್ಲೂ ಕುಮಟೆಯದೇ ಹೆಸರಿತ್ತು. ಅಂಥ ಹತ್ತಿಯಿಂದ ಹೆಸರು ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ.

‘ಲೇಪನ’ ತಪ್ಪಲ್ಲ. ಆದರೆ ಗಂಧಕ್ಕೂ ಸರಿ, ಗೋಡೆಗೂ ಸರಿ. ಅಂಗಡಿಯ ಕಟ್ಟೆಯಲ್ಲಿ ಕೂತು ಯಾರೂ ‘ಲೇಪನ ಮಾಡಿಕೊಡಿ’ ಅನ್ನುವುದಿಲ್ಲ.

ನನ್ನ ನಿಜವಾದ ತೊಡಕು ‘ಮುಲಾಮು’ ಮತ್ತು ‘ಗಿಲೀಟು’ಗಳದ್ದು. ಎರಡೂ ಒಂದು ಲೋಹದ ಮೇಲೆ ತೆಳ್ಳಗೆ ಇನ್ನೊಂದನ್ನು ಕೂರಿಸುವುದೇ, ಕೆಲಸ ನೋಡಿದರೆ ಹತ್ತಿರದವೇ. ಹಿಂದೆ ಪಾದರಸದಲ್ಲಿ ಬಂಗಾರ ಕಲಸಿ ತಾಮ್ರಕ್ಕೋ ಬೆಳ್ಳಿಗೋ ಬಳಿದು ಕಾಸಿದರೆ ಪಾದರಸ ಆವಿಯಾಗಿ ಹೋಗಿ ಬಂಗಾರ ಮಾತ್ರ ಅಂಟಿ ಉಳಿಯುತ್ತಿತ್ತು. ಅದು ಬಂಗಾರದ ಮುಲಾಮು. (ಹುಣ್ಣಿಗೆ ಹಚ್ಚುವುದೂ ಮುಲಾಮೇ, ಅದು ಹಾಗಿರಲಿ.) ಆದರೆ ಎರಡೂ ಶಬ್ದಕ್ಕೆ ಒಳಗೆ ಅಗ್ಗ, ಮೇಲೆ ದುಬಾರಿ ಎಂಬ ವಾಸನೆ ಹಿಡಿದಿದೆ. ‘ಗಿಲೀಟಿನ ಸರ’ ಅಂದರೆ ಮದುವೆ ಮನೆಯಲ್ಲಿ ಮರ್ಯಾದೆ ಹೋದಂತೆ. ‘ಗಿಲೀಟಿನ ಮಾತು’ ಅಂದರೂ ಅದೇ ಭಾವ. ಇಲ್ಲಿ ಒಳಗಿರುವುದು ಅಪ್ಪಟ ಅಜ್ಜಿ ಬಂಗಾರ. ಮೇಲಿನ ರೋಡಿಯಮ್ಮೂ ಅಗ್ಗದ್ದಲ್ಲ; 2021ರಲ್ಲಿ ಗ್ರಾಮಿಗೆ ಗ್ರಾಮು ತೂಗಿದರೆ ಬಂಗಾರದ ಹಲವು ಪಟ್ಟು ಬೆಲೆಗೆ ಏರಿತ್ತು. ಮೋಸವೇ ಇಲ್ಲದ ಕೆಲಸಕ್ಕೆ ಮೋಸದ ಶಬ್ದ ಯಾಕೆ?

ಹಾಗಾಗಿ ನನ್ನ ಮನಸ್ಸು ‘ಕಲಾಯಿ’ಯ ಕಡೆ ವಾಲಿದೆ. ಹಿತ್ತಾಳೆ ಪಾತ್ರೆ ಕಾಸಿ, ನವಸಾಗರ ಉದುರಿಸಿ, ತವರ ಕರಗಿಸಿ ಹತ್ತಿಯಿಂದ ಒರೆಸಿದರೆ ಹಳದಿ ಹೋಗಿ ಒಳಗೆಲ್ಲ ಬೆಳ್ಳಗೆ. ಹಳದಿ ಲೋಹದ ಮೇಲೆ ಬಿಳಿ ಲೋಹ, ಬಳೆಗೆ ಆದದ್ದೂ ಅದೇ. ಕಲಾಯಿ ಹಾಕಿಸಿದ ಪಾತ್ರೆಯನ್ನು ಯಾರೂ ಖೋಟಾ ಅನ್ನುವುದಿಲ್ಲ. ಅದು ಸವೆಯುತ್ತದೆ, ಮತ್ತೆ ಹಾಕಿಸಬೇಕು ಎನ್ನುವುದು ಶಬ್ದದೊಳಗೇ ಅಡಗಿದೆ. ರೋಡಿಯಮ್ಮಿನ ಗತಿಯೂ ಹಾಗೆಯೇ: ದಿನಾ ತೊಡುವ ಉಂಗುರ, ಬಳೆಗಳಲ್ಲಿ ತಿಕ್ಕಾಟ ಬೀಳುವ ಅಂಚಿನಿಂದ ಹಳದಿ ಇಣುಕತೊಡಗುತ್ತದೆ, ಓಲೆ ಪದಕಗಳಲ್ಲಿ ತಡವಾಗಿ. ‘ಕಲಾಯಿ ಬಿಟ್ಟಿದೆ’ ಅಂದರೆ ಗಿರಾಕಿಗೆ ಬೇರೆ ವಿವರಣೆ ಬೇಕಿಲ್ಲ.

ಅಡ್ಡಿ ಎರಡು. ಕಲಾಯಿಗೆ ಬೆಂಕಿ ಬೇಕು, ಇದಕ್ಕೆ ಕರೆಂಟು. ಇದು ನನಗೆ ದೊಡ್ಡದೆನಿಸುವುದಿಲ್ಲ. ಕರೆಂಟಿನ ಬಲ್ಬಿಗೂ ನಾವು ದೀಪ ಎನ್ನುತ್ತೇವೆ. ಎರಡನೆಯದು ಅಣ್ಣನ ಮಗಳದ್ದು: “ಚಿಕ್ಕಪ್ಪ, ನನ್ನ ಬಳೆ ಏನು ಸಾರಿನ ಪಾತ್ರೆಯಾ?” ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ‘ಬಿಳಿಗಲಾಯಿ’ ಎಂದು ಸಮಾಸ ಮಾಡಿ ನೋಡಿದೆ. ಕಲಾಯಿ ಹೇಗೂ ಬಿಳಿಯೇ, ಆ ‘ಬಿಳಿ’ ದಂಡ.

ಕೇಳುವುದು ಇಷ್ಟು. ಕಾರವಾರ, ಅಂಕೋಲೆ, ಕುಮಟೆ ಕಡೆಯ ಸೊನಗಾರರು ತಮ್ಮೊಳಗೆ ಕೊಂಕಣಿಯಲ್ಲಿ ಇದಕ್ಕೆ ಏನನ್ನುತ್ತಾರೆ? ಬಯಲುಸೀಮೆಯ ಪತ್ತಾರರ ಬಾಯಲ್ಲಿ ಬೇರೆ ಶಬ್ದವಿದೆಯೇ? ‘ರೋಡಿಯಂ ಕಲಾಯಿ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ, ಮತ್ತು ಅದು ‘ಹಾಕಿಸು’ವುದೋ ‘ಹಿಡಿಸು’ವುದೋ? ಬೋರ್ಡಿನಲ್ಲಿ ಮೂರು ಶಬ್ದಕ್ಕಿಂತ ಹೆಚ್ಚು ಜಾಗವಿಲ್ಲ, ದೀಪಾವಳಿಯೊಳಗೆ ಬರೆಸಬೇಕಂತೆ.