ಸಹಿ ಹಾಕಿದಾಗ ಹುಡುಗನಿಗೆ 17 ವರ್ಷ. ನಮ್ಮ ಜಮೀನಿನ ಅಗ್ರಿಮೆಂಟ್ ನಿಲ್ಲುತ್ತದಾ?

ಪ್ರಶ್ನೆ: ಪಾಂಡವಪುರ ಕಡೆಯವಳು

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನರು ಇಬ್ಬರೂ ರೇಷ್ಮೆ ಹುಳ ಸಾಕುತ್ತೇವೆ. ರಾಮನಗರದ ಮಾರ್ಕೆಟ್ಟಿಗೆ ಗೂಡು ಹಾಕಿ ನಾಲ್ಕು ವರ್ಷ ಕೂಡಿಟ್ಟ ದುಡ್ಡಿನ ವಿಷಯ ಇದು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

2024ರ ಫೆಬ್ರವರಿಯಲ್ಲಿ ನಮ್ಮ ಹಿಪ್ಪುನೇರಳೆ ತೋಟದ ಪಕ್ಕದ 12 ಗುಂಟೆ ಕೊಳ್ಳಲು ಅಗ್ರಿಮೆಂಟ್ ಮಾಡಿಕೊಂಡೆವು. ಗುಂಟೆಗೆ 75 ಸಾವಿರ, ಒಟ್ಟು 9 ಲಕ್ಷ. ಮುಂಗಡ 3 ಲಕ್ಷ ಕೊಟ್ಟೆವು. 2 ಲಕ್ಷ ಜಮೀನು ಮಾರುವವರ ಮನೆಯ ದೊಡ್ಡ ಮಗನ ಬ್ಯಾಂಕ್ ಖಾತೆಗೆ, 1 ಲಕ್ಷ ಅವನ ಕೈಗೆ. ಒಂದು ವರ್ಷದೊಳಗೆ ಉಳಿದದ್ದು ಕೊಟ್ಟು ರಿಜಿಸ್ಟರ್ ಮಾಡಿಸಿಕೊಳ್ಳುವುದು ಅಂತ ಮಾತು. ಅವರ ತಂದೆ ಇಲ್ಲ. ಪಹಣಿ ಅಣ್ಣ ತಮ್ಮ ಇಬ್ಬರ ಹೆಸರಲ್ಲಿ ಜಂಟಿಯಾಗಿದೆ. ಇಬ್ಬರೂ ಸಹಿ ಹಾಕಿದರು.

ದುಡ್ಡು ಹೊಂದಿಸಿಕೊಂಡು ಹೇಳಿದ ಟೈಮಿಗೇ ಹೋದೆವು. ಆಷಾಢ ಕಳೆಯಲಿ, ದೀಪಾವಳಿ ಆಗಲಿ ಅಂತ ಮುಂದೂಡುತ್ತಲೇ ಬಂದರು. ಈಗ ಅಲ್ಲಿ ಗುಂಟೆಗೆ ಲಕ್ಷದ ಮೇಲೆ ಹೇಳುತ್ತಿದ್ದಾರೆ. ದೊಡ್ಡವನು ಮೊನ್ನೆ ನೇರವಾಗಿ ಹೇಳಿಬಿಟ್ಟ: "ತಮ್ಮನಿಗೆ ಆಗ 17. ಮೈನರ್ ಸಹಿ ಇರುವ ಪತ್ರ ಪತ್ರವೇ ಅಲ್ಲ. ಪತ್ರವೇ ಇಲ್ಲ ಅಂದ ಮೇಲೆ ಅಡ್ವಾನ್ಸ್ ಎಲ್ಲಿಂದ ಬಂತು?"

ಆ ರಾತ್ರಿ ಹುಳದ ಮನೆಯಲ್ಲಿ ಸೊಪ್ಪು ಹಾಕಿ ಮುಗಿಸಿ, ಅದೇ ಬಲ್ಬಿನ ಕೆಳಗೆ ಪತ್ರ ಬಿಡಿಸಿ ನೋಡಿದೆ. ಟೈಪ್ ಮಾಡಿದ ಪತ್ರ, ವಯಸ್ಸಿನ ಜಾಗ ಮಾತ್ರ ಪೆನ್ನಿನಲ್ಲಿ ತುಂಬಿದ್ದಾರೆ. ಚಿಕ್ಕವನ ಹೆಸರಿನ ಮುಂದೆ 18 ಅಂತ ಇದೆ. ಕಣ್ಣಿಗೆ ಹತ್ತಿರ ಹಿಡಿದರೆ 8ರ ಕೆಳಗೆ 7 ಕಾಣುತ್ತದೆ.

ಸ್ಟ್ಯಾಂಪ್ ಪೇಪರ್ 200 ರೂಪಾಯಿಯದು. ನೋಟರಿ ಆಗಿದೆ, ರಿಜಿಸ್ಟರ್ ಆಗಿಲ್ಲ. "ಉಭಯತ್ರರು ಕೋರ್ಟಿಗೆ ಹೋಗತಕ್ಕದ್ದಲ್ಲ" ಅಂತಲೂ ಬರೆದಿದ್ದಾರೆ. ಪತ್ರ ನಿಲ್ಲದಿದ್ದರೆ ನಮ್ಮ ದುಡ್ಡೂ ಹೋಯಿತಾ?

ಉತ್ತರ 1: ಮೈಸೂರು ಹುಡುಗ

ಅಕ್ಕ, ನೋಟರಿ ಆಗಿದೆ ಅಲ್ವಾ? ಹಾಗಾದರೆ ರಿಜಿಸ್ಟರ್ ಆದಂತೆಯೇ. ಧೈರ್ಯವಾಗಿ ಇರಿ.

ಉತ್ತರ 2: ಹಳೇ ಪತ್ರ ಬರಹಗಾರ, ಮಂಡ್ಯ

ಮೇಲಿನ ತಮ್ಮ ಹೇಳಿದ್ದು ಸರಿಯಲ್ಲ. ನೋಟರಿ ಬೇರೆ, ಸಬ್ ರಿಜಿಸ್ಟ್ರಾರ್ ಆಫೀಸಿನ ನೋಂದಣಿ ಬೇರೆ. ಇದೊಂದು ತಪ್ಪು ತಿಳಿವಳಿಕೆಯಿಂದ ಎಷ್ಟು ಮನೆ ಹಾಳಾಗಿದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ತಂಗಿ, ಮೂವತ್ತು ವರ್ಷ ಟೈಪ್‌ರೈಟರ್ ಮುಂದೆ ಕೂತು ಕ್ರಯಪತ್ರ, ಕರಾರು ಪತ್ರ ಬರೆದವನು ನಾನು. "ಪತ್ರ ನಡೆಯಲ್ಲ" ಅನ್ನುವ ಒಂದೇ ಮಾತಿನಲ್ಲಿ ಜನ ಮೂರು ಬೇರೆ ಬೇರೆ ವಿಷಯ ಸೇರಿಸಿಬಿಡುತ್ತಾರೆ. ನಿಮ್ಮನ್ನು ಹೆದರಿಸುತ್ತಿರುವುದೂ ಅದೇ.

ಒಂದು, ಹುಟ್ಟುವಾಗಲೇ ಜೀವ ಇಲ್ಲದ ಕರಾರು. ಕಾನೂನಿನ ಭಾಷೆಯಲ್ಲಿ ಅನೂರ್ಜಿತ. ಮೈನರ್ ಮಾಡಿಕೊಂಡ ಕರಾರು ಈ ಜಾತಿಯದು. 1872ರ ಕರಾರು ಕಾಯ್ದೆಯ 11ನೇ ಕಲಂ ಪ್ರಕಾರ ಕರಾರು ಮಾಡಿಕೊಳ್ಳಲು ವಯಸ್ಸು ತುಂಬಿರಬೇಕು, ಅಂದರೆ 18. 1903ರಲ್ಲಿ ಮೊಹೊರಿ ಬೀಬಿ ಕೇಸಿನಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಎಲ್ಲಕ್ಕಿಂತ ಮೇಲಿನ ಕೋರ್ಟು, ಇದನ್ನು ಖಡಾಖಂಡಿತವಾಗಿ ಹೇಳಿತು. ಕಲ್ಕತ್ತಾದ ಒಬ್ಬ ಮೈನರ್ ಹುಡುಗ ಸಾಲಕ್ಕೆ ಮನೆ ಅಡಮಾನ ಬರೆದುಕೊಟ್ಟಿದ್ದ. ಪತ್ರ ಬಿತ್ತು, ಸಾಲ ಕೊಟ್ಟವನಿಗೆ ದುಡ್ಡೂ ಸಿಗಲಿಲ್ಲ. ದೊಡ್ಡವನಿಗೆ ಯಾರೋ ಈ ಕಥೆ ಅರ್ಧ ಹೇಳಿದ್ದಾರೆ.

ಇನ್ನರ್ಧ ಕೇಳಿ. ಅಲ್ಲಿ ದುಡ್ಡು ತೆಗೆದುಕೊಂಡವನೇ ಮೈನರ್. ನಿಮ್ಮ ದುಡ್ಡು ತೆಗೆದುಕೊಂಡವನು ವಯಸ್ಸು ತುಂಬಿದ ಅಣ್ಣ. ಕರಾರು ಅನೂರ್ಜಿತ ಅಂತ ಗೊತ್ತಾದರೆ, ಅದರಿಂದ ಪಡೆದದ್ದನ್ನು ಹಿಂತಿರುಗಿಸಬೇಕು ಅನ್ನುತ್ತದೆ 65ನೇ ಕಲಂ. ಪತ್ರ ಬಿದ್ದರೆ ಅಡ್ವಾನ್ಸ್ ಅವನದಾಗುವುದಿಲ್ಲ. ಬ್ಯಾಂಕಿನ 2 ಲಕ್ಷ ಅವನು ಇಲ್ಲ ಅನ್ನಲು ಬರುವುದೇ ಇಲ್ಲ. ಕೈಗೆ ಕೊಟ್ಟ 1 ಲಕ್ಷಕ್ಕೆ ಪತ್ರದಲ್ಲಿ "ಮುಟ್ಟಿದೆ" ಅನ್ನುವ ಮಾತು ಇದೆಯಾ ನೋಡಿ, ಸಾಕ್ಷಿ ಹಾಕಿದವರು ಯಾರು ನೋಡಿ.

ಎರಡು, ಜೀವ ಇರುವ ಕರಾರು, ಆದರೆ ಒಬ್ಬರು ಬೇಡ ಅಂದರೆ ರದ್ದಾಗುತ್ತದೆ. ಹೆದರಿಸಿ, ಮೋಸ ಮಾಡಿ, ಸುಳ್ಳು ಹೇಳಿ ಸಹಿ ಹಾಕಿಸಿದ್ದು. ರದ್ದು ಮಾಡುವ ಹಕ್ಕು ಮೋಸ ಹೋದವರದ್ದು, ಮಾಡಿದವನದ್ದಲ್ಲ. 7ರ ಮೇಲೆ 8 ತಿದ್ದಿದ್ದು ದೊಡ್ಡವನು ಅಂತಾದರೆ, ಆ ಮಾತು ಅವನ ಮೇಲೇ ತಿರುಗುತ್ತದೆ.

ಮೂರು, ಕರಾರು ಸರಿಯಾಗೇ ಇದೆ, ಕೋರ್ಟಿನ ಬಾಗಿಲಲ್ಲಿ ಮಾತ್ರ ತಡೆ. ಸ್ಟ್ಯಾಂಪ್ ಕಡಿಮೆ ಬಿದ್ದದ್ದು ಈ ಲೆಕ್ಕ. ಕರ್ನಾಟಕ ಸ್ಟ್ಯಾಂಪ್ ಕಾಯ್ದೆ ಪ್ರಕಾರ ಕಡಿಮೆ ಬಿದ್ದ ಶುಲ್ಕ, ಅದರ ಹತ್ತು ಪಟ್ಟಿನವರೆಗೆ ದಂಡ ಕಟ್ಟಿದರೆ ಪತ್ರವನ್ನು ನೋಡುತ್ತಾರೆ. ಜಮೀನು ಈಗಾಗಲೇ ನಿಮ್ಮ ಸ್ವಾಧೀನಕ್ಕೆ ಕೊಟ್ಟೆವು ಅಂತ ಬರೆದಿದ್ದರೆ ಶುಲ್ಕ ಕ್ರಯಪತ್ರದಷ್ಟೇ ಆಗುತ್ತದೆ, ಹುಷಾರು.

ಕೋರ್ಟಿಗೆ ಹೋಗಬಾರದು ಅನ್ನುವ ಸಾಲಿಗೆ ಬೆಲೆ ಇಲ್ಲ. 28ನೇ ಕಲಂ ಅದನ್ನು ಹೊಡೆದುಹಾಕುತ್ತದೆ.

ಎಲ್ಲದಕ್ಕೂ ಕಾಗದ ಬೇಕು ಅಂತೇನೂ ಇಲ್ಲ. ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಮುಗಿಸುತ್ತಾರೆ, ಅದೂ ಕರಾರೇ. ಜಮೀನು ಮಾತ್ರ ಹಾಗಲ್ಲ. ಕ್ರಯ ರಿಜಿಸ್ಟರ್ ಆಗುವವರೆಗೆ ಜಮೀನು ನಿಮ್ಮದಲ್ಲ.

ಒಂದು ಮಾತು ಹೇಳಲೇಬೇಕು. ತುಂಬಾ ಹಿಂದೆ ಒಬ್ಬ ತಾಯಿ, ಮಗನನ್ನು ಕರೆದುಕೊಂಡು ಬಂದು ಪತ್ರ ಬರೆಸಿದರು. ಹುಡುಗನಿಗೆ ಮೀಸೆ ಬಂದಿತ್ತು, ನಾನು ವಯಸ್ಸು ಕೇಳಲಿಲ್ಲ. ಅವನಿಗೆ 16. ಕೊಂಡವರು ಕೂಲಿ ಮಾಡುವ ಜನ, ಎಷ್ಟೋ ವರ್ಷ ಅಲೆದರು. ಅಲ್ಲಿಂದ ಮುಂದೆ ಟಿ.ಸಿ. ಇಲ್ಲವೇ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ನೋಡದೆ ನಾನು ಕೀಲಿ ಒತ್ತಲಿಲ್ಲ. ನೀವೂ ಮೊದಲು ಅದನ್ನೇ ನೋಡಿ. ಅವನಿಗೆ ನಿಜವಾಗಿ 17 ಅಂತ ಅಣ್ಣನ ಬಾಯಿಮಾತು ಬಿಟ್ಟರೆ ಏನಿದೆ?

ಉತ್ತರ 3: ವಕೀಲೆ, ಮೈಸೂರು

ಹಿರಿಯರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಬಿಟ್ಟುಹೋದದ್ದು ಇಷ್ಟು.

ಅಣ್ಣನ ಸಹಿ ಅಣ್ಣನನ್ನು ಕಟ್ಟಿಹಾಕುತ್ತದೆ. ಅವನ ಪಾಲಿನ ಮಟ್ಟಿಗಾದರೂ ಕ್ರಯ ಮಾಡಿಕೊಡು ಅಂತ ದಾವೆ ಹಾಕಬಹುದು. ಅಗ್ರಿಮೆಂಟ್ ರಿಜಿಸ್ಟರ್ ಆಗಿಲ್ಲ ಅನ್ನುವುದು ಆ ದಾವೆಗೆ ಅಡ್ಡಿಯಲ್ಲ. ನೋಂದಣಿ ಕಾಯ್ದೆಯ 49ನೇ ಕಲಂನಲ್ಲೇ ಅದಕ್ಕೆ ವಿನಾಯಿತಿ ಇದೆ.

ತಮ್ಮನಿಗೆ ಈಗ 18 ದಾಟಿದೆ, ಅವನ ಹತ್ತಿರ "ನನಗೆ ಒಪ್ಪಿಗೆ" ಅಂತ ಹಳೇ ಪತ್ರದ ಮೇಲೆ ಸಹಿ ಹಾಕಿಸಿದರೆ ಸಾಕು ಅಂತ ಯಾರಾದರೂ ಹೇಳುತ್ತಾರೆ. ಸಾಲದು. ಅನೂರ್ಜಿತವಾದದ್ದಕ್ಕೆ ಆಮೇಲೆ ಒಪ್ಪಿಗೆ ಕೊಟ್ಟು ಜೀವ ತುಂಬಲು ಆಗುವುದಿಲ್ಲ. ಹೊಸ ಅಗ್ರಿಮೆಂಟ್ ಬೇಕು.

ತಾಯಿ ಇದ್ದಾರಾ? ಹೆಣ್ಣುಮಕ್ಕಳು? ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಅವರಿಗೂ ಪಾಲಿರುತ್ತದೆ. ಎಲ್ಲರೂ ಸಹಿ ಹಾಕಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾ ಅಂತಲೂ ನೋಡಿ. ಹಾಗಿದ್ದರೆ 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಕ್ರಯ ಪೂರ್ತಿ ಅನೂರ್ಜಿತ.

ಮುಖ್ಯವಾಗಿ ಟೈಮು. ಕ್ರಯ ಮಾಡಿಕೊಡು ಅಂತ ಕೇಳಲು, ಪತ್ರದಲ್ಲಿ ಹೇಳಿದ ಗಡುವಿನಿಂದ ಮೂರು ವರ್ಷ. ದುಡ್ಡು ವಾಪಸ್ ಕೇಳಲೂ ಮೂರು ವರ್ಷ, ಆದರೆ ಎಲ್ಲಿಂದ ಎಣಿಸಬೇಕು ಅನ್ನುವುದರಲ್ಲೇ ವಾದ ಹುಟ್ಟುತ್ತದೆ. ನೀವು ದುಡ್ಡು ಕೊಟ್ಟ ದಿನದಿಂದಲೇ ಎಣಿಸಿಕೊಳ್ಳಿ. ಇನ್ನೊಂದು ಹಬ್ಬ ಕಾಯಬೇಡಿ, ಮೊದಲು ಲಾಯರ್ ನೋಟಿಸ್ ಕೊಡಿ. ಬಾಕಿ 6 ಲಕ್ಷ ನಿಮ್ಮ ಹತ್ತಿರ ಇತ್ತು ಅಂತ ತೋರಿಸುವ ಪಾಸ್‌ಬುಕ್ ಜೋಪಾನ.

ಪ್ರಶ್ನೆ ಕೇಳಿದವಳು

ಅಣ್ಣ, ಮೇಡಂ, ಇಬ್ಬರಿಗೂ ಕೈ ಮುಗಿಯುತ್ತೇನೆ. ಎರಡು ದಿನದಿಂದ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ.

ಪತ್ರದಲ್ಲಿ "ನಗದಾಗಿ ಒಂದು ಲಕ್ಷ ಮುಟ್ಟಿದೆ" ಅಂತ ಇದೆ. ಮಂಜೂರಾತಿ ಜಮೀನಲ್ಲ, ಅವರ ತಾತನ ಕಾಲದ್ದು. ತಾಯಿ ಇದ್ದಾರೆ, ಒಬ್ಬ ಮಗಳನ್ನು ಮದ್ದೂರಿಗೆ ಕೊಟ್ಟಿದ್ದಾರೆ. ಅವರಿಬ್ಬರನ್ನು ನಾವು ಕೇಳಿಯೇ ಇರಲಿಲ್ಲ, ಇದು ನಮ್ಮ ತಪ್ಪು.

ಇವತ್ತು ಬೆಳಿಗ್ಗೆ ಚಿಕ್ಕವನೇ ಸಿಕ್ಕಿದ. ಕೇಳಿದೆ. ಮಾರ್ಕ್ಸ್ ಕಾರ್ಡ್ ಫೋಟೋ ಅವನೇ ಫೋನಿನಲ್ಲಿ ತೋರಿಸಿದ. ಹುಟ್ಟಿದ್ದು 2006ರ ಜುಲೈ. "ಅಣ್ಣ ಹಾಕು ಅಂದ, ಹಾಕಿದೆ ಅಕ್ಕ" ಅಂದ.

ಹಳೇ ಪತ್ರ ಬರಹಗಾರ, ಮಂಡ್ಯ

ಹಾಗಾದರೆ 17 ನಿಜ. ಹುಡುಗನ ಮೇಲೆ ಕೋಪ ಮಾಡಿಕೊಳ್ಳಬೇಡಿ ತಂಗಿ. ನೋಟಿಸ್ ಹೋದ ಮೇಲೆ ಅವರು ಮಾತಿಗೆ ಬಂದರೆ ತಾಯಿ, ಮಗಳು, ಇಬ್ಬರು ಗಂಡುಮಕ್ಕಳು ನಾಲ್ವರನ್ನೂ ಕೂರಿಸಿ ಹೊಸ ಪತ್ರ ಮಾಡಿಸಿ. ಈ ಸಲ ರಿಜಿಸ್ಟರ್ ಮಾಡಿಸಿ. ಹಳೇ 3 ಲಕ್ಷ ಮುಟ್ಟಿದೆ ಅನ್ನುವ ಸಾಲು ಅದರಲ್ಲಿ ಮೊದಲು ಬರಲಿ. ಹಳೇ ಪತ್ರದ ಮೂಲಪ್ರತಿ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಮಾತ್ರ ಕೊಡಿ.